ಹತ್ತೇ ವಾರದಲ್ಲಿ ಮುಗಿಯುವ ಕಥೆಗಳು

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಅಂಕಣವನ್ನು ಪೂರ್ತಿ ಜಪಾನಿ ಟಿವಿ ಡ್ರಾಮಾಗಳಿಗೆ ಬಿಟ್ಟುಕೊಟ್ಟಿದ್ದೇನೆ. ಬರೆದವರಲ್ಲಿ ಕೆಲವರು ಈಗಷ್ಟೇ ನೋಡಲು ಶುರು ಮಾಡಿದವರು, ಕೆಲವರು ಅರ್ಧಕ್ಕೇ ಬಿಟ್ಟವರು, ಒಬ್ಬಿಬ್ಬರು ನನ್ನ ಹಾಗೇ ಹುಚ್ಚು ಹಿಡಿಸಿಕೊಂಡವರು. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ.

ಪ್ರಶ್ನೆ: ಮೇಡಂ, ಇತ್ತೀಚೆಗೆ ಮೊದಲ ಸಲ ಒಂದು ಜಪಾನಿ ಡ್ರಾಮಾ ನೋಡಿದೆ. ಪಾತ್ರಗಳು ಮನೆಯವರ ಹಾಗೆ ಹತ್ತಿರವಾದವು ಅನ್ನುವಷ್ಟರಲ್ಲಿ ಹತ್ತನೇ ಎಪಿಸೋಡಿಗೆ ಮುಗಿದೇಹೋಯಿತು. ಎರಡನೇ ಸೀಸನ್ ಹುಡುಕಿದರೆ ಇಲ್ಲವೇ ಇಲ್ಲ. ಚೆನ್ನಾಗಿ ಓಡುತ್ತಿದ್ದರೂ ಯಾಕೆ ನಿಲ್ಲಿಸಿಬಿಡುತ್ತಾರೆ?

ಉತ್ತರ: ನಿಲ್ಲಿಸುವುದಲ್ಲ, ಇಷ್ಟೇ ಅಂತ ಬರೆಯಲು ಕೂರುವ ಮೊದಲೇ ತೀರ್ಮಾನ ಆಗಿರುತ್ತದೆ. ಜಪಾನಿನ ಚಾನೆಲ್‌ಗಳು ವರ್ಷವನ್ನು ನಾಲ್ಕು ಪಾಲು ಮಾಡಿಕೊಂಡಿವೆ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಬಂತೆಂದರೆ ಹೊಸ ಡ್ರಾಮಾಗಳು ಶುರು. ವಾರಕ್ಕೆ ಒಂದೇ ಎಪಿಸೋಡ್, ಜಾಹೀರಾತು ಕಳೆದರೆ ಸುಮಾರು 45 ನಿಮಿಷ. ಸಾಮಾನ್ಯವಾಗಿ ಒಂಬತ್ತರಿಂದ ಹನ್ನೊಂದು ವಾರದೊಳಗೆ ಕಥೆ ಮುಗಿಯಬೇಕು, ಯಾಕೆಂದರೆ ಅದೇ ದಿನ ಅದೇ ಹೊತ್ತಿಗೆ ಇನ್ನೊಂದು ಡ್ರಾಮಾ ಕಾಯುತ್ತಿರುತ್ತದೆ.

ಅಲ್ಲಿ ದಿನ, ಹೊತ್ತು ಅನ್ನುವುದು ದೊಡ್ಡ ವಿಷಯ. ಫುಜಿ ಟಿವಿಯ ಸೋಮವಾರ ರಾತ್ರಿ 9 ಗಂಟೆ ಪ್ರೇಮಕಥೆಗಳಿಗೆ ಹೆಸರಾಗಿತ್ತು. 1991ರ ಟೋಕಿಯೊ ಲವ್ ಸ್ಟೋರಿ, 1996ರ ಲಾಂಗ್ ವೆಕೇಶನ್ ಎರಡೂ ಅಲ್ಲಿ ಬಂದವು. ಟಿಬಿಎಸ್‌ನ ಭಾನುವಾರ ರಾತ್ರಿ 9 ಗಂಟೆ ಅಂದರೆ ದೊಡ್ಡ ಬಜೆಟ್ಟು, ದೊಡ್ಡ ದನಿ. ಟಿವಿ ಟೋಕಿಯೊ ನಡುರಾತ್ರಿಯ ಹೊತ್ತಿಗೆ ಸಣ್ಣ ಖರ್ಚಿನಲ್ಲಿ ಏನೇನೋ ಪ್ರಯೋಗ ಮಾಡುತ್ತದೆ, ಅಲ್ಲಿಂದಲೇ ಎಷ್ಟೋ ಚಿನ್ನದಂಥವು ಬಂದಿವೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಚೆನ್ನಾಗಿ ಓಡಿದರೆ ಯಾಕೆ ಎಳೆಯಬಾರದು? 2013ರಲ್ಲಿ ಬಂದ ಹಂಜಾವಾ ನಾವೊಕಿ ನೋಡಿ. ಬ್ಯಾಂಕ್ ಉದ್ಯೋಗಿಯೊಬ್ಬ ತನಗೆ ಅನ್ಯಾಯ ಮಾಡಿದವರಿಗೆಲ್ಲ ಬಡ್ಡಿ ಸಮೇತ ತೀರಿಸುವ ಕಥೆ. ಅದರ ಕೊನೆಯ ಎಪಿಸೋಡಿಗೆ ಟೋಕಿಯೊ ಸುತ್ತಮುತ್ತಲ ಕಾಂತೊ ಪ್ರದೇಶದಲ್ಲಿ 42.2 ಶೇಕಡಾ ರೇಟಿಂಗ್ ಬಂತು. ಅಂಥ ಅಲೆ ಎದ್ದಾಗ ಮರುವಾರವೇ ಮುಂದುವರಿಸಬೇಕು ಅಂತ ಯಾರಿಗಾದರೂ ಅನಿಸುತ್ತದೆ ಅಲ್ವಾ? ಅವರು ಹತ್ತು ಎಪಿಸೋಡಿಗೆ ಮುಗಿಸಿದರು. ಮುಂದಿನ ಭಾಗ ಬಂದದ್ದು 2020ರಲ್ಲಿ, ಏಳು ವರ್ಷ ಆದ ಮೇಲೆ. ನನಗೆ ಜಪಾನಿ ಡ್ರಾಮಾಗಳ ಮೇಲೆ ಇಷ್ಟು ಪ್ರೀತಿ ಇರುವುದೇ ಇದಕ್ಕೆ. ಹೇಳಬೇಕಾದ್ದು ಹೇಳಿ ಎದ್ದು ಹೋಗುತ್ತಾರೆ. ವಿಲನ್ ಸತ್ತು ಮತ್ತೆ ಹುಟ್ಟುವುದಿಲ್ಲ, ನಾಯಕಿ ಮೂರು ಸಲ ನೆನಪು ಕಳೆದುಕೊಳ್ಳುವುದಿಲ್ಲ.

ಇದಕ್ಕೆ ಹೊರತಾದವೂ ಇವೆ. ಐಬೊ ಅನ್ನುವ ಪೊಲೀಸ್ ಡ್ರಾಮಾ 2000ದಿಂದ ನಡೆಯುತ್ತಲೇ ಇದೆ, ಮಿಜುತಾನಿ ಯುತಾಕಾ ಅದೇ ಸೂಟು, ಅದೇ ಚಹಾ ಕಪ್ಪಿನ ಜೊತೆ ಇಂದಿಗೂ ಕೇಸು ಬಿಡಿಸುತ್ತಾರೆ. ಆದರೆ ಅಲ್ಲೂ ಒಂದೊಂದು ಎಪಿಸೋಡೂ ತನ್ನಷ್ಟಕ್ಕೆ ಒಂದು ಕಥೆ.

ಪ್ರಶ್ನೆ: ನನ್ನ ಯಜಮಾನರು ಪಕ್ಕದಲ್ಲಿ ಕೂತು "ಇವರೆಲ್ಲ ಯಾಕೆ ಹೀಗೆ ಕಣ್ಣು ಕೆಕ್ಕರಿಸಿ ಕಿರುಚುತ್ತಾರೆ?" ಅಂತ ನಗುತ್ತಾರೆ. ನಾನು ನೋಡುತ್ತಿರುವುದೂ ಅದೇ ಹಂಜಾವಾ ನಾವೊಕಿ. ಅವರಿಗೆ ಏನು ಹೇಳಲಿ?

ಉತ್ತರ: ಹತ್ತನೇ ಎಪಿಸೋಡ್‌ವರೆಗೂ ಜೊತೆಗೆ ಕೂರಿಸಿಕೊಳ್ಳಿ. ಬ್ಯಾಂಕಿನ ನಿರ್ದೇಶಕರ ಸಭೆ. ಓವಾದಾ ಎಂಬ ದೊಡ್ಡ ಅಧಿಕಾರಿ ನೆಲಕ್ಕೆ ಹಣೆ ಹಚ್ಚಿ ಕ್ಷಮೆ ಕೇಳಬೇಕು. ಆ ಪಾತ್ರ ಮಾಡಿದವರು ಕಗಾವಾ ತೆರುಯುಕಿ. ಮೊಣಕಾಲು ಬಗ್ಗುವುದಿಲ್ಲ. ತೊಡೆ ನಡುಗುತ್ತದೆ. ಮುಖದ ಒಂದೊಂದು ಸ್ನಾಯುವೂ ಬೇರೆ ಬೇರೆ ಕಡೆ ಎಳೆಯುತ್ತದೆ. ಮೈಯೇ ತನ್ನ ಮಾತು ಕೇಳದವರ ಹಾಗೆ ಇಂಚಿಂಚಾಗಿ ಕೆಳಗೆ ಇಳಿಯುತ್ತಾರೆ, ಸುತ್ತ ಕೂತವರು ಉಸಿರು ಬಿಗಿಹಿಡಿದು ನೋಡುತ್ತಾರೆ. ಇದನ್ನು ಅತಿಯಾಯಿತು ಅನ್ನಬಹುದು. ಆದರೆ ಕಗಾವಾ ಕಬುಕಿ ಎಂಬ ಜಪಾನಿನ ಸಾಂಪ್ರದಾಯಿಕ ನಾಟಕದ ರಂಗಮಂಚದ ಮೇಲೂ ನಟಿಸುವವರು ಅಂತ ಗೊತ್ತಾದ ಮೇಲೆ ಇನ್ನೊಮ್ಮೆ ನೋಡಿ. ಅದೇ ಡ್ರಾಮಾದಲ್ಲಿ ಸರ್ಕಾರಿ ತಪಾಸಣೆ ಅಧಿಕಾರಿ ಆಗಿರುವ ಕತಾಒಕಾ ಐನೊಸುಕೆ ಕೂಡ ಕಬುಕಿ ನಟರೇ. ಕೋಟು, ಟೈ ಹಾಕಿಕೊಂಡ ಬ್ಯಾಂಕಿನವರ ಜಗಳವನ್ನು ಬೇಕೆಂದೇ ರಂಗದ ಕಾಳಗದ ಹಾಗೆ ತೋರಿಸಿದ್ದಾರೆ. ಮೂಲ ಕಾದಂಬರಿ ಬರೆದ ಇಕೆಇದೊ ಜುನ್ ಸ್ವತಃ ಬ್ಯಾಂಕಿನಲ್ಲಿ ಕೆಲಸ ಮಾಡಿದವರು, ಹಾಗಾಗಿ ಸಾಲ, ವಸೂಲಿ, ವರ್ಗಾವಣೆ ವಿಷಯಗಳು ಗಟ್ಟಿಯಾಗಿವೆ. ವಿಷಯ ಅಷ್ಟು ಗಟ್ಟಿ ಇರುವುದರಿಂದಲೇ ನಟನೆ ಅಷ್ಟು ಜೋರಾದರೂ ತಡೆದುಕೊಳ್ಳುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಯಜಮಾನರಿಗೆ ಹಿಡಿಸಲಿಲ್ಲ ಅಂದರೆ ಬಲವಂತ ಬೇಡ. ಜಪಾನಿ ಡ್ರಾಮಾ ಅಂದರೆ ಕಿರುಚಾಟ ಮಾತ್ರ ಅಲ್ಲ. ಮುಂದಿನ ಎರಡು ಉತ್ತರ ಅವರಿಗೂ ಓದಿ ಹೇಳಿ.

ಪ್ರಶ್ನೆ: ಎಲ್ಲರೂ ಹೊಗಳುತ್ತಾರೆ ಅಂತ ಕ್ವಾರ್ಟೆಟ್ ಶುರು ಮಾಡಿದೆ. ನಾಲ್ಕು ಜನ ಊಟಕ್ಕೆ ಕೂತು ಕರಿದ ಕೋಳಿಗೆ ನಿಂಬೆಹಣ್ಣು ಹಿಂಡಬೇಕೋ ಬೇಡವೋ ಅಂತ ವಾದ ಮಾಡುತ್ತಾರೆ. ಅಲ್ಲಿಗೆ ಬಿಟ್ಟೆ. ಇದರಲ್ಲಿ ಕಥೆ ಎಲ್ಲಿದೆ ಸ್ವಾಮಿ?

ಉತ್ತರ: ಅಯ್ಯೋ, ಬಾಗಿಲವರೆಗೆ ಬಂದು ವಾಪಸ್ ಹೋಗಿದ್ದೀರಿ! ಕಥೆ ಆ ನಿಂಬೆಹಣ್ಣಿನಲ್ಲೇ ಇದೆ.

2017ರ ಈ ಡ್ರಾಮಾ ಬರೆದವರು ಸಕಮೊತೊ ಯೂಜಿ. ಟೋಕಿಯೊ ಲವ್ ಸ್ಟೋರಿ ಬರೆದವರೂ ಅವರೇ. ಮೂವತ್ತು ದಾಟಿದ ನಾಲ್ವರು, ಸಂಗೀತದಲ್ಲಿ ಅಂಥ ಹೆಸರು ಮಾಡದವರು, ಚಳಿಗಾಲದ ಕರುಇಜಾವಾದಲ್ಲಿ ಒಂದೇ ಮನೆಯಲ್ಲಿ ಇದ್ದುಕೊಂಡು ಒಟ್ಟಿಗೆ ತಂತಿವಾದ್ಯ ನುಡಿಸುತ್ತಾರೆ. ಮೊದಲ ಎಪಿಸೋಡಿನ ಊಟದಲ್ಲಿ ಇಬ್ಬರು ಎಲ್ಲರನ್ನೂ ಕೇಳದೆ ಇಡೀ ತಟ್ಟೆಗೆ ನಿಂಬೆ ಹಿಂಡಿಬಿಡುತ್ತಾರೆ. ತಕಾಹಾಶಿ ಇಸ್ಸೆಯ್ ಮಾಡಿದ ಇಎಮೊರಿ ಪಾತ್ರ ತಡೆದು ಕೇಳುತ್ತದೆ: ಯಾಕೆ ಹಿಂಡಿದಿರಿ? ಒಮ್ಮೆ ಹಿಂಡಿದ ಮೇಲೆ ವಾಪಸ್ ತೆಗೆಯಲು ಆಗುತ್ತದಾ? ತೊಳೆದರೆ ಹೋಗುತ್ತದಾ? ನೋಡುವವರಿಗೆ ನಗು ಬರುತ್ತದೆ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಮಾತೇ ಅನಿಸುತ್ತದೆ.

ಆಮೇಲೆ ಮತ್ಸು ತಕಾಕೊ ಮಾಡಿದ ಮಾಕಿ, ಕೇಳಿಸದಷ್ಟು ಮೆಲ್ಲಗೆ ಮಾತಾಡುವ ಹೆಂಗಸು, ತನ್ನ ಗಂಡನ ವಿಷಯ ಹೇಳುತ್ತಾಳೆ. ಮನೆಯಲ್ಲಿ ಅವಳು ಯಾವಾಗಲೂ ನಿಂಬೆ ಹಿಂಡಿಯೇ ಕೊಡುತ್ತಿದ್ದಳು, ಅವನು ಸುಮ್ಮನೆ ತಿನ್ನುತ್ತಿದ್ದ. ಒಂದು ದಿನ ಹೊರಗೆ ಪಕ್ಕದ ಮೇಜಿನಿಂದ ಅವನ ದನಿ ಕೇಳಿಸುತ್ತದೆ. ನಿಂಬೆ ಬೇಡ, ನನಗೆ ಇಷ್ಟ ಇಲ್ಲ ಅನ್ನುತ್ತಿದ್ದಾನೆ. ಅಲ್ಲೇ ಹೆಂಡತಿಯ ಮಾತೂ ಬರುತ್ತದೆ. ಅವಳ ಮೇಲೆ ಪ್ರೀತಿ ಇದೆ, ಆದರೆ ಇಷ್ಟ ಇಲ್ಲ ಅನ್ನುತ್ತಾನೆ. ಇಡೀ ಮದುವೆ ಒಂದು ತಟ್ಟೆ ಕರಿದ ಕೋಳಿಯ ಮುಂದೆ ಬಿಚ್ಚಿಕೊಂಡಿತು. ಯಾರೂ ಕೆನ್ನೆಗೆ ಹೊಡೆಯಲಿಲ್ಲ, ಮಳೆಯಲ್ಲಿ ಅಳುತ್ತಾ ಓಡಲಿಲ್ಲ, ಹಿನ್ನೆಲೆಯಲ್ಲಿ ಪಿಟೀಲು ಮೊರೆಯಲಿಲ್ಲ. ಒಬ್ಬರ ಜೊತೆ ಎಷ್ಟೋ ಊಟ ಮಾಡಿಯೂ ಅವರಿಗೆ ಏನು ಇಷ್ಟ ಅಂತ ಗೊತ್ತಿಲ್ಲದೇ ಇರಬಹುದು ಅನ್ನುವ ಹೆದರಿಕೆ ಮಾತ್ರ ನಮ್ಮ ಎದೆಯಲ್ಲಿ ಕೂತುಬಿಡುತ್ತದೆ. ನನಗಂತೂ ಆ ಎಪಿಸೋಡ್ ಮುಗಿದ ಮೇಲೆ ಬೇರೇನೂ ನೋಡಲು ಮನಸ್ಸಾಗಲಿಲ್ಲ.

ಜಪಾನಿ ಡ್ರಾಮಾ ಬರೆಯುವವರಲ್ಲಿ ಒಳ್ಳೆಯವರ ಕಸುಬು ಇದೇ. ದೊಡ್ಡದನ್ನು ಸಣ್ಣದರ ಒಳಗೆ ಇಡುತ್ತಾರೆ. 2023ರ ಬ್ರಷ್ ಅಪ್ ಲೈಫ್ ಕೂಡ ಹಾಗೇ. ನಗರಸಭೆಯಲ್ಲಿ ಕೆಲಸ ಮಾಡುವ ಅಸಾಮಿ 33ನೇ ವಯಸ್ಸಿಗೆ ಅಪಘಾತದಲ್ಲಿ ಸಾಯುತ್ತಾಳೆ. ಮುಂದಿನ ಜನ್ಮದಲ್ಲಿ ನೀನು ಗ್ವಾಟೆಮಾಲಾದಲ್ಲಿ ಇರುವೆಗಳನ್ನು ತಿನ್ನುವ ದೈತ್ಯ ಪ್ರಾಣಿ ಅಂತ ಪರಲೋಕದ ಕೌಂಟರಿನವರು ಹೇಳುತ್ತಾರೆ. ಬೇಡ ಅಂದರೆ ಇದೇ ಜನ್ಮವನ್ನು ಮೊದಲಿಂದ ಶುರು ಮಾಡಿ ಪುಣ್ಯ ಸೇರಿಸಿಕೊಂಡು ಬಾ. ಹೀಗೆ ಅವಳು ಮತ್ತೆ ಕೂಸಾಗಿ ಹುಟ್ಟುತ್ತಾಳೆ, ಮತ್ತೆ ಮತ್ತೆ. ಕೇಳಿದರೆ ಭಾರೀ ಕಲ್ಪನೆಯ ಕಥೆ ಅನಿಸುತ್ತದೆ. ತೆರೆಯ ಮೇಲೆ ಹೆಚ್ಚು ಹೊತ್ತು ಇರುವುದು ಮೂವರು ಗೆಳತಿಯರು ಕೂತು ಸುಮ್ನೆ ಹರಟೆ ಹೊಡೆಯುವುದು. ಆಂದೊ ಸಕುರಾ ಆ ಹರಟೆಯನ್ನು ಎಷ್ಟು ಸಹಜವಾಗಿ ಆಡುತ್ತಾರೆ ಅಂದರೆ ನಾವೂ ನಾಲ್ಕನೆಯವರಾಗಿ ಅಲ್ಲೇ ಕೂತಿದ್ದೇವೆ ಅನಿಸಿಬಿಡುತ್ತದೆ. ಅವಳು ಮತ್ತೆ ಮತ್ತೆ ಹುಟ್ಟಿ ಬರುವುದು ಕೊನೆಗೆ ಯಾವುದಕ್ಕೆ ಅಂತ ಗೊತ್ತಾದಾಗ, ಆ ಹರಟೆಯ ಒಂದೊಂದು ನಿಮಿಷವೂ ಬೇಕಿತ್ತು ಅಂತ ಅರ್ಥವಾಗುತ್ತದೆ.

ಕ್ವಾರ್ಟೆಟ್‌ಗೆ ವಾಪಸ್ ಹೋಗಿ. ದಯವಿಟ್ಟು.

ಪ್ರಶ್ನೆ: ಜಪಾನಿ ಪ್ರೇಮಕಥೆಗಳಲ್ಲಿ ಯಾಕೆ ಇಷ್ಟು ಬಿಗಿ? ಒಂಬತ್ತನೇ ಎಪಿಸೋಡಾದರೂ ಕೈ ಹಿಡಿಯುವುದಿಲ್ಲ. ನನಗೆ ತಾಳ್ಮೆ ಕೆಡುತ್ತದೆ.

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ, ಎಷ್ಟೋ ಸಲ ನಾನೂ ಟಿವಿಗೆ "ಹೇಳು ಮಾರಾಯ, ಹೇಳಿಬಿಡು" ಅಂದಿದ್ದೇನೆ. ಆದರೆ ಹೇಳದೆ ಉಳಿದ ಮಾತೇ ಅಲ್ಲಿ ಕಥೆಯನ್ನು ಮುಂದಕ್ಕೆ ದೂಡುತ್ತದೆ.

2022ರ ಅಕ್ಟೋಬರಿನಲ್ಲಿ ಫುಜಿ ಟಿವಿಯಲ್ಲಿ ಸೈಲೆಂಟ್ ಶುರುವಾಯಿತು. ಬರೆದವರು ಉಬುಕತಾ ಮಿಕು, ಆಗ ತೀರಾ ಹೊಸಬರು. ಹೈಸ್ಕೂಲಿನಲ್ಲಿ ಪ್ರೀತಿಸಿದ ತ್ಸುಮುಗಿ ಮತ್ತು ಸೊ. ಒಂದು ದಿನ ಹುಡುಗ ಕಾರಣ ಹೇಳದೆ ದೂರ ಹೋಗಿಬಿಟ್ಟ. ಎಂಟು ವರ್ಷ ಆದ ಮೇಲೆ ಟೋಕಿಯೊದ ಸೆತಗಾಯಾ ದಾಯ್ತಾ ಸ್ಟೇಶನ್ನಿನಲ್ಲಿ ಅವಳು ಅವನನ್ನು ಕಂಡು ಹಿಂದಿನಿಂದ ಕೂಗುತ್ತಾಳೆ. ಅವನು ತಿರುಗುವುದಿಲ್ಲ. ಅವನಿಗೆ ಕಿವಿ ಕೇಳಿಸುವುದಿಲ್ಲ. ಮುಖಾಮುಖಿ ಆದಾಗ ಅವಳು ಹಳೆಯ ಅಭ್ಯಾಸದಂತೆ ಮಾತಾಡುತ್ತಲೇ ಹೋಗುತ್ತಾಳೆ, ಅವನು ಸಂಜ್ಞಾಭಾಷೆಯಲ್ಲಿ ಕೈ ಬೀಸಿ ಬೀಸಿ ಉತ್ತರ ಕೊಡುತ್ತಾನೆ. ಅವಳಿಗೆ ಒಂದಕ್ಷರವೂ ತಿಳಿಯುವುದಿಲ್ಲ. ನಮಗೆ ತಿಳಿಯುತ್ತದೆ, ಕೆಳಗೆ ಅಕ್ಷರ ಬರುತ್ತದೆ. ನಿನ್ನ ಗಲಾಟೆ ಸಾಕು ಅನ್ನುತ್ತಿದ್ದಾನೆ. ಶಾಲೆಯ ದಿನಗಳಲ್ಲಿ ಅವಳ ವಟವಟಕ್ಕೆ ನಗುತ್ತಾ ಅಂದಿದ್ದ ಮಾತನ್ನೇ ಈಗ ಅಳುತ್ತಾ ಕೈಯಲ್ಲಿ ಆಡುತ್ತಿದ್ದಾನೆ. ಅವಳು ಅವನ ಕೈ ನೋಡುತ್ತಾ ನಿಂತಿದ್ದಾಳೆ. ಮೊದಲ ಎಪಿಸೋಡ್ ಅಲ್ಲಿಗೆ ಮುಗಿಯುತ್ತದೆ.

ಇಲ್ಲಿ ಕೈ ಹಿಡಿಯಲಿಲ್ಲ ಅಂತ ಯಾರಿಗೆ ನೆನಪಾಗುತ್ತದೆ ಹೇಳಿ? ಮೆಗುರೊ ರೆನ್ ಮತ್ತು ಕವಾಗುಚಿ ಹರುನಾ ಇಬ್ಬರೂ ಕಣ್ಣಲ್ಲೇ ಅರ್ಧ ಡ್ರಾಮಾ ಆಡಿದ್ದಾರೆ. ಇನ್ನೊಂದು ವಿಷಯ ನನಗೆ ತುಂಬ ಹಿಡಿಸಿತು. ಮೊಬೈಲು ನೋಡುತ್ತಾ, ಒಗ್ಗರಣೆ ಹಾಕುತ್ತಾ ಕಿವಿಯಲ್ಲೇ ಕೇಳಿಕೊಂಡು ಈ ಡ್ರಾಮಾ ನೋಡಲು ಆಗುವುದಿಲ್ಲ. ಕಣ್ಣು ತೆಗೆದರೆ ಮಾತು ತಪ್ಪಿಹೋಗುತ್ತದೆ, ಜಪಾನಿ ಬರುವವರಿಗೂ ಅಷ್ಟೇ.

ನಿಮಗೆ ಸ್ವಲ್ಪ ಹಗುರವಾದದ್ದು ಬೇಕಿದ್ದರೆ 2016ರ ನಿಗೆಹಾಜಿ ನೋಡಿ. ಪೂರ್ತಿ ಹೆಸರು ಬಹಳ ಉದ್ದ, ಎಲ್ಲರೂ ಹೀಗೇ ಕರೆಯುತ್ತಾರೆ. ಕೆಲಸ ಕಳೆದುಕೊಂಡ ಮಿಕುರಿ, ಹಿರಮಸಾ ಎಂಬ ಸಂಕೋಚದ ಎಂಜಿನಿಯರ್ ಮನೆಗೆ ಕೆಲಸಕ್ಕೆ ಹೋಗಿ, ಆಮೇಲೆ ಅವನ ಜೊತೆ ಕರಾರಿನ ಮದುವೆ ಮಾಡಿಕೊಳ್ಳುತ್ತಾಳೆ. ಅಡುಗೆ, ಬಟ್ಟೆ, ಗುಡಿಸುವುದು ಎಲ್ಲಕ್ಕೂ ತಿಂಗಳ ಸಂಬಳ. ಕಡೆಗೆ ಅವನಿಗೆ ನಿಜವಾಗಿ ಪ್ರೀತಿ ಹುಟ್ಟುತ್ತದೆ, ನಿಜವಾದ ಮದುವೆಯ ಮಾತೆತ್ತುತ್ತಾನೆ, ಜೊತೆಗೆ ಲೆಕ್ಕದ ಹಾಳೆ ತೋರಿಸಿ ಇನ್ನು ಸಂಬಳದ ದುಡ್ಡು ಉಳಿತಾಯ ಅನ್ನುತ್ತಾನೆ. ಪ್ರೀತಿಯ ಹೆಸರಲ್ಲಿ ಬಿಟ್ಟಿ ದುಡಿಸಿಕೊಳ್ಳುವುದಾ ಅಂತ ಅವಳು ತಿರುಗಿ ಕೇಳುತ್ತಾಳೆ. ಮನೆಗೆಲಸದ ಬೆಲೆಯನ್ನು ಇಷ್ಟು ನೇರವಾಗಿ ಕೇಳಿದ ಪ್ರೇಮಕಥೆ ನನಗೆ ಬೇರೆ ಸಿಕ್ಕಿಲ್ಲ. ಆ ಜೋಡಿ ಅರಗಾಕಿ ಯುಯ್ ಮತ್ತು ಹೊಶಿನೊ ಗೆನ್ 2021ರಲ್ಲಿ ನಿಜವಾಗಿಯೂ ಮದುವೆಯಾದರು. ಆ ಸುದ್ದಿ ಬಂದ ದಿನ ಅಭಿಮಾನಿಗಳಿಗೆಲ್ಲ ಮನೆ ಮಗಳ ಮದುವೆಯಷ್ಟೇ ಸಂಭ್ರಮ.

ಪ್ರಶ್ನೆ: ಕೊರಿಯನ್ ಡ್ರಾಮಾ ಮುಂದೆ ಜಪಾನಿ ಡ್ರಾಮಾ ಸಪ್ಪೆ. ಒಪ್ಪುತ್ತೀರಾ?

ಉತ್ತರ: ಇಲ್ಲ. ಕೊರಿಯನ್ ಡ್ರಾಮಾಗಳು ಸಾಮಾನ್ಯವಾಗಿ ವಾರಕ್ಕೆ ಎರಡು ಎಪಿಸೋಡ್, ಒಂದೊಂದೂ ಒಂದು ಗಂಟೆಗಿಂತ ಜಾಸ್ತಿ, ಒಟ್ಟು ಹದಿನಾರರ ಆಸುಪಾಸು. ಅಷ್ಟು ಜಾಗ ಇದ್ದಾಗ ಕುಟುಂಬ, ಹಗೆ, ಹಾಸ್ಯ, ಎರಡನೇ ಜೋಡಿ ಎಲ್ಲ ತುಂಬಬಹುದು. ಅದನ್ನು ಅವರು ಅದ್ಭುತವಾಗಿ ಮಾಡುತ್ತಾರೆ, ಹೊಳಪು, ಉಡುಪು, ಹಾಡು ಎಲ್ಲದರಲ್ಲೂ ಕೈ ಮೇಲೆ. ಜಪಾನಿನವರಿಗೆ ಸಿಗುವುದು ಅದರ ಅರ್ಧಕ್ಕಿಂತ ಕಡಿಮೆ ಹೊತ್ತು. ಅಷ್ಟರಲ್ಲಿ ಒಂದೇ ವಿಷಯ ಹಿಡಿದು ಆಳಕ್ಕೆ ಇಳಿಯುತ್ತಾರೆ. ಒಂದನ್ನು ನೋಡಲು ಕೂತು ಇನ್ನೊಂದರ ರುಚಿ ಹುಡುಕಿದರೆ ಎರಡೂ ಸಪ್ಪೆ ಆಗುತ್ತವೆ.

ಪ್ರಶ್ನೆ: ಅಮ್ಮನ ಜೊತೆ ಕೂತು ನೋಡಬೇಕು. ರಕ್ತ, ಕೊಲೆ, ಜಗಳ ಇರಬಾರದು. ಅಮ್ಮನಿಗೆ ಅಡುಗೆ ಅಂದರೆ ಜೀವ.

ಉತ್ತರ: ಹಾಗಾದರೆ ನಡುರಾತ್ರಿ ಡ್ರಾಮಾಗಳೇ ನಿಮಗೆ. ಕೊದೊಕು ನೊ ಗುರುಮೆ 2012ರಲ್ಲಿ ಶುರುವಾಗಿ 2022ರ ಹೊತ್ತಿಗೆ ಹತ್ತು ಸೀಸನ್ ಮುಗಿಸಿತು. ಗೊರೊ ಎಂಬ ವ್ಯಾಪಾರಿ ಕೆಲಸದ ಮೇಲೆ ಊರೂರು ತಿರುಗುತ್ತಾನೆ, ಕೆಲಸದ ನಡುವೆ ಇದ್ದಕ್ಕಿದ್ದ ಹಾಗೆ ನಿಂತುಬಿಡುತ್ತಾನೆ. ಹಸಿವಾಗಿದೆ! ಕ್ಯಾಮೆರಾ ಟಕ್, ಟಕ್, ಟಕ್ ಅಂತ ಹಿಂದಕ್ಕೆ ಸರಿಯುತ್ತದೆ, ಅವನು ಒಬ್ಬನೇ ಬೀದಿಯಲ್ಲಿ ಸಣ್ಣಗೆ ಕಾಣುತ್ತಾನೆ. ಆಮೇಲೆ ಒಂದು ಹೋಟೆಲು ಹುಡುಕಿ ಕೂತು ತಿನ್ನುತ್ತಾನೆ. ಅಷ್ಟೇ ಕಥೆ. ಮಾತೆಲ್ಲ ಅವನ ಮನಸ್ಸಿನೊಳಗೆ. ಮತ್ಸುಶಿಗೆ ಯುತಾಕಾ ತಿನ್ನುವುದನ್ನು ನೋಡುತ್ತಿದ್ದರೆ ಊಟ ಆದವರಿಗೂ ಮತ್ತೆ ಹಸಿವಾಗುತ್ತದೆ. ಹೋಟೆಲುಗಳೆಲ್ಲ ನಿಜವಾದವು, ಎಪಿಸೋಡಿನ ಕೊನೆಗೆ ಮೂಲ ಮಂಗಾ, ಅಂದರೆ ಜಪಾನಿ ಕಾಮಿಕ್ಸ್, ಬರೆದ ಕುಸುಮಿ ಮಸಯುಕಿ ತಾವೇ ಹೋಗಿ ತಿಂದು ಬರುತ್ತಾರೆ.

ಅಮ್ಮನಿಗೆ ಇನ್ನೂ ಹಿಡಿಸುವುದು 2019ರ ಕಿನೊ ನಾನಿ ತಬೆತಾ ಇರಬಹುದು. ವಕೀಲ ಶಿರೊ ಮತ್ತು ಕ್ಷೌರದ ಅಂಗಡಿಯ ಕೆಂಜಿ, ಇಬ್ಬರೂ ಗಂಡಸರು, ನಡುವಯಸ್ಸಿನ ಜೋಡಿ. ಶಿರೊ ಆಫೀಸಿನಿಂದ ನೇರ ಸೂಪರ್‌ಮಾರ್ಕೆಟ್ಟಿಗೆ ಹೋಗಿ ಯಾವುದು ಅಗ್ಗ ಅಂತ ನೋಡಿ ತಂದು ಅಡುಗೆ ಮಾಡುತ್ತಾನೆ. ಇಬ್ಬರ ಊಟದ ಖರ್ಚು ತಿಂಗಳಿಗೆ 25,000 ಯೆನ್ ದಾಟಬಾರದು ಅನ್ನುವುದು ಅವನ ಹಠ. ಯಾವ ಪಾತ್ರೆ ಮೊದಲು ಒಲೆಗೆ, ಯಾವುದು ಬೇಯುವಷ್ಟರಲ್ಲಿ ಯಾವುದನ್ನು ಹೆಚ್ಚಬೇಕು ಅಂತ ಪೂರ್ತಿ ತೋರಿಸುತ್ತಾರೆ. ಸಮಾಜ ಏನನ್ನುತ್ತದೆ, ಅಪ್ಪ ಅಮ್ಮನಿಗೆ ಹೇಗೆ ಹೇಳುವುದು ಅನ್ನುವ ಭಾರ ಎಲ್ಲ ಆ ಅಡುಗೆಮನೆಯಲ್ಲೇ ಮೆಲ್ಲಗೆ ಬರುತ್ತದೆ.

ಇನ್ನು ಶಿನ್ಯಾ ಶೊಕುದೊ. ಶಿಂಜುಕುವಿನ ಹಿಂದಿನ ಗಲ್ಲಿ, ರಾತ್ರಿ ಹನ್ನೆರಡಕ್ಕೆ ತೆರೆದು ಬೆಳಗ್ಗೆ ಏಳಕ್ಕೆ ಮುಚ್ಚುವ ಹೋಟೆಲು. ರೌಡಿಯೊಬ್ಬ ಬಂದು ಆಕ್ಟೋಪಸ್ ಆಕಾರಕ್ಕೆ ಕತ್ತರಿಸಿದ ಕೆಂಪು ಸಾಸೇಜ್ ಕೇಳುತ್ತಾನೆ, ಪಕ್ಕದವರು ಸಿಹಿ ಆಮ್ಲೆಟ್ ತಿನ್ನುತ್ತಿರುತ್ತಾರೆ, ಇಬ್ಬರೂ ತಟ್ಟೆ ಬದಲಿಸಿಕೊಂಡು ಹಂಚಿ ತಿನ್ನುವಲ್ಲಿಗೆ ಒಂದು ಸ್ನೇಹ ಹುಟ್ಟುತ್ತದೆ. ಕೆಲವು ಎಪಿಸೋಡುಗಳಲ್ಲಿ ದುಃಖ ಜಾಸ್ತಿ, ಅಮ್ಮನಿಗೆ ಮೊದಲೇ ಹೇಳಿಡಿ.

ಪ್ರಶ್ನೆ: ಒಶಿನ್ ಬಗ್ಗೆ ತುಂಬ ಕೇಳಿದ್ದೇನೆ. ಅದು ಹತ್ತು ಎಪಿಸೋಡಿನದು ಅಲ್ಲವಲ್ಲ?

ಉತ್ತರ: ಅಲ್ಲ, 297 ಎಪಿಸೋಡು! ಅದು ಬೇರೆ ಜಾತಿ. ಜಪಾನಿನ ಸಾರ್ವಜನಿಕ ಚಾನೆಲ್ ಎನ್‌ಎಚ್‌ಕೆ 1961ರಿಂದ ಬೆಳಗಿನ ಹೊತ್ತು ಪುಟ್ಟ ಎಪಿಸೋಡುಗಳ ಧಾರಾವಾಹಿ ಕೊಡುತ್ತಾ ಬಂದಿದೆ, ಅಸಾದೊರಾ ಅನ್ನುತ್ತಾರೆ. ಈಗ ಒಂದೊಂದು ಕಥೆ ಆರು ತಿಂಗಳು ನಡೆಯುತ್ತದೆ. ಒಶಿನ್‌ಗೆ ಪೂರ್ತಿ ವರ್ಷ ಕೊಟ್ಟಿದ್ದರು, 1983ರ ಏಪ್ರಿಲ್‌ನಿಂದ 1984ರ ಮಾರ್ಚ್‌ವರೆಗೆ. ಸರಾಸರಿ ರೇಟಿಂಗ್ 52.6 ಶೇಕಡಾ, ಒಂದು ದಿನ 62.9ಕ್ಕೆ ಹೋಗಿತ್ತು. ಬರೆದವರು ಹಶಿದಾ ಸುಗಾಕೊ. ಯಾಮಗಾತಾದ ಬಡ ರೈತನ ಏಳು ವರ್ಷದ ಮಗಳನ್ನು ಒಂದು ಮೂಟೆ ಅಕ್ಕಿಗೆ ಕೂಲಿಗೆ ಕಳಿಸುತ್ತಾರೆ. ಹಿಮ ಬಿದ್ದ ಮೊಗಾಮಿ ನದಿಯಲ್ಲಿ ತೆಪ್ಪ ಹೊರಡುತ್ತದೆ. ಕಳಿಸಲೇಬೇಕು ಅಂತ ಗದರಿದ್ದ ಅಪ್ಪ ದಡದಲ್ಲಿ ಓಡಿ ಬರುತ್ತಾನೆ. ಆ ಒಂದು ದೃಶ್ಯ ಸಾಕು, ಎಷ್ಟೋ ದೇಶದ ಜನ ಇದನ್ನು ತಮ್ಮದೇ ಕಥೆ ಅಂದುಕೊಂಡು ಯಾಕೆ ನೋಡಿದರು ಅಂತ ತಿಳಿಯಲು.

ಅಷ್ಟು ಉದ್ದ ಆಗದು ಅಂದರೆ 2013ರ ಅಮಾಚಾನ್ ಇದೆ, 156 ಎಪಿಸೋಡು. ಇವಾತೆ ಕಡಲಿನಲ್ಲಿ ಮುಳುಗಿ ಚಿಪ್ಪುಜೀವಿ ಹೆಕ್ಕುವ ಹೆಂಗಸರ ಊರು, ಅಜ್ಜಿ, ತಾಯಿ, ಮಗಳು. ನಗಿಸುತ್ತಾ ಹೋಗುವ ಕಥೆ 2011ರ ಮಾರ್ಚ್‌ಗೆ ಬಂದು ಮುಟ್ಟುತ್ತದೆ. ಸುನಾಮಿಯ ನೀರನ್ನು ಅಲ್ಲಿ ತೋರಿಸುವುದಿಲ್ಲ. ಪ್ರವಾಸಿ ಕಚೇರಿಯಲ್ಲಿದ್ದ ಊರಿನ ಪುಟ್ಟ ಮಾದರಿಯ ಮೇಲೆ ಗಾಜು ಒಡೆದು ಬಿದ್ದಿರುತ್ತದೆ, ರೈಲು ಸುರಂಗದಲ್ಲಿ ನಿಂತಿರುತ್ತದೆ. ನಿಜವಾಗಿ ಅನುಭವಿಸಿದ ಜನ ಬೆಳಗಿನ ತಿಂಡಿ ಹೊತ್ತಿಗೆ ಇದನ್ನು ನೋಡುತ್ತಾರೆ ಅನ್ನುವ ಎಚ್ಚರ ಬರೆದವರಿಗೂ ತೆಗೆದವರಿಗೂ ಇತ್ತು. ನನಗೆ ಆ ಎಚ್ಚರದ ಮೇಲೆ ದೊಡ್ಡ ಗೌರವ.

ಪ್ರಶ್ನೆ: ಬರೀ ಹೊಗಳುತ್ತೀರಿ. ನಿಮಗೆ ಇಷ್ಟ ಆಗದ್ದು ಏನೂ ಇಲ್ಲವಾ?

ಉತ್ತರ: ಇದೆ, ಬೇಕಾದಷ್ಟಿದೆ. ಮೊದಲನೆಯದು ಕೊನೆಯ ಎಪಿಸೋಡಿನ ಉಪದೇಶ. ಒಂಬತ್ತು ವಾರ ನಮ್ಮ ಬುದ್ಧಿಯನ್ನು ನಂಬಿದವರು ಹತ್ತನೇ ವಾರ ನಂಬಿಕೆ ಕಳೆದುಕೊಂಡವರ ಹಾಗೆ ನಾಯಕನನ್ನು ನಿಲ್ಲಿಸಿ ಭಾಷಣ ಮಾಡಿಸುತ್ತಾರೆ. ಎಲ್ಲರೂ ತಲೆ ತಗ್ಗಿಸಿ ಕೇಳುತ್ತಾರೆ, ಕೆಟ್ಟವನೂ ಕಣ್ಣೀರು ಹಾಕುತ್ತಾನೆ. ಒಳ್ಳೆಯ ಡ್ರಾಮಾ ಹೀಗೆ ಹಾಳಾದಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ.

ಎರಡನೆಯದು, ಭಾನುವಾರದ ದೊಡ್ಡ ಡ್ರಾಮಾಗಳಲ್ಲಿ ಹೆಂಗಸರಿಗೆ ಕೊಡುವ ಜಾಗ. ಗಂಡಸರು ಆಫೀಸಿನಲ್ಲಿ ಗುದ್ದಾಡುತ್ತಾರೆ, ಹೆಂಡತಿ ಮನೆಯಲ್ಲಿ ಊಟ ಬಡಿಸಿ ಧೈರ್ಯ ಹೇಳುತ್ತಾಳೆ. ಹಂಜಾವಾ ನಾವೊಕಿ ನನಗೆ ಎಷ್ಟೇ ಇಷ್ಟ ಇದ್ದರೂ ಈ ದೂರು ಅದರ ಮೇಲೂ ಇದೆ. ಇನ್ನು ಆಸ್ಪತ್ರೆ ಮತ್ತು ಪೊಲೀಸ್ ಕಥೆಗಳು ಒಂದೇ ಸಲಕ್ಕೆ ಜಾಸ್ತಿ ಬರುತ್ತವೆ, ಹಾಡುವ ಹುಡುಗ ಹುಡುಗಿಯರನ್ನು ಜನಪ್ರಿಯರು ಅನ್ನುವ ಒಂದೇ ಕಾರಣಕ್ಕೆ ಮುಖ್ಯ ಪಾತ್ರಕ್ಕೆ ಹಾಕುತ್ತಾರೆ. ಕೆಲವರು ಅದ್ಭುತವಾಗಿ ನಟಿಸುತ್ತಾರೆ, ಕೆಲವರಿಂದ ಇಡೀ ಡ್ರಾಮಾ ಕುಂಟುತ್ತದೆ.

ಪ್ರಶ್ನೆ: ಮೂಲ ಮಂಗಾ ಓದಿ ನೋಡಬೇಕಾ, ನೋಡಿ ಓದಬೇಕಾ?

ಉತ್ತರ: ನೋಡಿ ಓದಿ. ಮೊದಲೇ ಓದಿದರೆ ಕೂದಲು ಹಾಗಿಲ್ಲ, ಆ ಪಾತ್ರ ಬಿಟ್ಟರು ಅಂತ ಲೆಕ್ಕ ಹಾಕುವುದರಲ್ಲೇ ಹೊತ್ತು ಹೋಗುತ್ತದೆ.

ಪ್ರಶ್ನೆ: ಜಪಾನಿ ಡ್ರಾಮಾಗಳನ್ನು ಬೇರೆ ದೇಶದವರು ಮತ್ತೆ ತೆಗೆದಾಗ ಮೂಲಕ್ಕಿಂತ ಚೆನ್ನಾಗಿ ಬಂದದ್ದು ಉಂಟೇ?

ಉತ್ತರ: ಸಕಮೊತೊ ಯೂಜಿಯವರ 2010ರ ಮದರ್ ಇದಕ್ಕೆ ಒಳ್ಳೆಯ ಉದಾಹರಣೆ. ಮನೆಯಲ್ಲಿ ಹಿಂಸೆ ಅನುಭವಿಸುವ ಪುಟ್ಟ ಹುಡುಗಿಯನ್ನು ಅವಳ ಟೀಚರ್ ಕರೆದುಕೊಂಡು ಓಡಿಹೋಗಿ ತಾಯಿಯಾಗುವ ಕಥೆ. ಜಪಾನಿನಲ್ಲಿ 11 ಎಪಿಸೋಡು. 2016ರಲ್ಲಿ ಟರ್ಕಿಯವರು ಅನ್ನೆ (ಅವರ ಭಾಷೆಯಲ್ಲಿ ತಾಯಿ) ಅಂತ ತೆಗೆದರು, 33 ಎಪಿಸೋಡು, ಒಂದೊಂದೂ ಸಿನಿಮಾದಷ್ಟು ಉದ್ದ. 2018ರಲ್ಲಿ ಕೊರಿಯಾದವರೂ ತೆಗೆದರು. ಟರ್ಕಿಯದು ಮನಸ್ಸು ಹಿಂಡುತ್ತದೆ, ಅಲ್ಲಗಳೆಯುವುದಿಲ್ಲ. ಆದರೆ ಮೂಲದಲ್ಲಿ ಪುಟಾಣಿ ಅಶಿದಾ ಮಾನಾ ತನಗೆ ಇಷ್ಟವಾದ ವಸ್ತುಗಳನ್ನು ಒಂದೊಂದಾಗಿ ಹೇಳುತ್ತಾ ಹೋಗುವುದಿದೆಯಲ್ಲ, ಅದರ ಮುಂದೆ ನನಗೆ ಬೇರೆ ಯಾವುದೂ ನಿಲ್ಲಲಿಲ್ಲ.

ಪ್ರಶ್ನೆ: ಎಲ್ಲಿ ನೋಡುವುದು, ಹೇಗೆ ನೋಡುವುದು? ನಾನು ಕಾಲೇಜಿನಲ್ಲಿದ್ದೇನೆ, ಅಪರಾಧ, ತನಿಖೆ ಇಷ್ಟ. ರಜೆಯಲ್ಲಿ ಒಂದೇ ದಿನ ಕೂತು ಮುಗಿಸುವ ಯೋಚನೆ.

ಉತ್ತರ: ಜಪಾನಿನಲ್ಲಿ ಟಿವರ್ ಅಂತ ಒಂದು ಆನ್‌ಲೈನ್ ಸೇವೆ ಇದೆ. ಚಾನೆಲ್‌ಗಳೆಲ್ಲ ಸೇರಿ ನಡೆಸುವುದು, ಬಂದ ಎಪಿಸೋಡನ್ನು ಸಾಮಾನ್ಯವಾಗಿ ಒಂದು ವಾರ ಉಚಿತವಾಗಿ ನೋಡಬಹುದು, ಆದರೆ ಆ ದೇಶದೊಳಗೆ ಮಾತ್ರ. ಹೊರಗಿನವರಿಗೆ ನೆಟ್‌ಫ್ಲಿಕ್ಸ್ ಮತ್ತು ರಾಕುಟೆನ್ ವಿಕಿಯಂಥ ವಿಡಿಯೊ ಸೇವೆಗಳೇ ಗತಿ, ಅಲ್ಲೂ ಒಂದೊಂದು ದೇಶಕ್ಕೆ ಒಂದೊಂದು ಪಟ್ಟಿ. ಇಷ್ಟು ಒಳ್ಳೆಯ ಡ್ರಾಮಾಗಳನ್ನು ತೆಗೆದು ಹೊರಗಿನವರಿಗೆ ಬಾಗಿಲು ಹಾಕಿ ಕೂತದ್ದು ಜಪಾನಿನ ಚಾನೆಲ್‌ಗಳ ದೊಡ್ಡ ತಪ್ಪು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಈಗೀಗ ಸ್ವಲ್ಪ ಸಡಿಲವಾಗುತ್ತಿದೆ.

ಒಂದೇ ದಿನದಲ್ಲಿ ಮುಗಿಸಬೇಡಿ. ವಾರಕ್ಕೆ ಒಂದು ಅಂತ ಬರೆದದ್ದನ್ನು ಸಾಲಾಗಿ ನೋಡಿದರೆ ಪ್ರತಿ ಸಲ ಬರುವ ಹಳೆಯ ದೃಶ್ಯದ ನೆನಪು, ಪ್ರತಿ ಸಲ ಅದೇ ಜಾಗದಲ್ಲಿ ಏಳುವ ಹಾಡು ಬೇಸರ ತರಿಸುತ್ತವೆ. ದಿನಕ್ಕೆ ಒಂದಾದರೂ ಸಾಕು, ನಡುವೆ ಯೋಚಿಸಲು ರಾತ್ರಿ ಸಿಗುತ್ತದೆ. ವೇಗ ಹೆಚ್ಚಿಸಿ ಓಡಿಸುವುದಂತೂ ಬೇಡವೇ ಬೇಡ, ಅಲ್ಲಿ ಮಾತಿನ ನಡುವಿನ ಮೌನವನ್ನೂ ಬರೆದಿರುತ್ತಾರೆ.

ನಿಮ್ಮ ರುಚಿಗೆ ನೊಗಿ ಅಕಿಕೊ ಬರೆದವೇ ಸರಿ. ನಿಗೆಹಾಜಿಯನ್ನು ಟಿವಿಗೆ ಬರೆದವರೂ ಅವರೇ. ಮೊದಲು 2018ರ ಅನ್‌ನ್ಯಾಚುರಲ್, 10 ಎಪಿಸೋಡು. ಕಾರಣ ಗೊತ್ತಿಲ್ಲದ ಸಾವುಗಳನ್ನು ಪರೀಕ್ಷಿಸುವ ಪ್ರಯೋಗಾಲಯ, ಅಲ್ಲಿನ ವೈದ್ಯೆ ಮಿಸುಮಿ ಮಿಕೊತೊ. ಪಾತ್ರ ಮಾಡಿದವರು ಇಶಿಹಾರಾ ಸತೊಮಿ. ದೊಡ್ಡ ದುರಂತದಿಂದ ಉಳಿದು ಬಂದವಳು, ಆದರೂ ಹತಾಶೆ ಪಡಲು ಪುರುಸೊತ್ತಿದ್ದರೆ ಚೆನ್ನಾಗಿ ತಿಂದು ಮಲಗುತ್ತೇನೆ ಅನ್ನುವವಳು. ಸತ್ಯ ಹೊರಬರುವ ಹೊತ್ತಿಗೆ ಯೊನೆಜು ಕೆನ್ಶಿಯ ಲೆಮನ್ ಹಾಡು ಶುರುವಾಗುತ್ತದೆ, ಸತ್ತವರ ಮನೆಯವರ ಮುಖ ತೋರಿಸುತ್ತಾರೆ. ತಡೆದುಕೊಳ್ಳುವುದು ಕಷ್ಟ. ಆಮೇಲೆ 2020ರ ಎಂಐಯು 404, ಕೇಸಿನ ಮೊದಲ 24 ಗಂಟೆ ಮಾತ್ರ ಕೈಯಲ್ಲಿರುವ ಇಬ್ಬರು ಪೊಲೀಸರು. ಕೊನೆಗೆ 2024ರ ಲಾಸ್ಟ್ ಮೈಲ್ ಸಿನಿಮಾ, ಎರಡೂ ಡ್ರಾಮಾಗಳ ಜನ ಅದರಲ್ಲಿ ಬರುತ್ತಾರೆ. ಇದೇ ಕ್ರಮದಲ್ಲಿ ನೋಡಿ. ಸಿನಿಮಾ ಮೊದಲು ನೋಡಿದರೆ ಒಬ್ಬೊಬ್ಬರೂ ಬಾಗಿಲು ತೆರೆದು ಒಳಗೆ ಬಂದಾಗ ನಿಮಗೆ ಆಗಬೇಕಾದ ಖುಷಿ ಆಗುವುದಿಲ್ಲ.